ಕಾರ್ಬೊರೇಟರ್‌ಗೆ ಕೊನೆಯಲ್ಲಿ ಕೈ ಹಾಕಿ: ಟೂ ಸ್ಟ್ರೋಕ್ ಗಾಡಿಯ ಕರೆಂಟ್ ಮತ್ತು ಪೆಟ್ರೋಲ್ ತೊಂದರೆ ಹುಡುಕುವ ಬಗೆ

ಬೆಳಗ್ಗೆ ಹಾಲು ಕರೆದ ಮೇಲೆ ಡೇರಿ ಮುಟ್ಟಲು ನಮಗೆ ಸಿಗುವುದು ಸ್ವಲ್ಪವೇ ಹೊತ್ತು. ಆ ಹೊತ್ತಿಗೆ ಸರಿಯಾಗಿ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ಸ್ಟಾರ್ಟ್ ಆಗದೆ ಹಟ ಹಿಡಿದರೆ ಏನಾಗುತ್ತದೆ ಅಂತ ಶ್ರೀನಿವಾಸಪುರ, ಮುಳಬಾಗಿಲು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಕಿಕ್ ಹೊಡೆಯುತ್ತಾರೆ, ಇನ್ನೊಬ್ಬರು ಸ್ಕ್ರೂಡ್ರೈವರ್ ತಂದು, ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನ ಸ್ಕ್ರೂ ತಿರುಗಿಸುತ್ತಾರೆ. ಗಾಡಿ ಆಗಲೂ ಸ್ಟಾರ್ಟ್ ಆಗುವುದಿಲ್ಲ. ಈಗ ಒಂದು ತೊಂದರೆ ಇದ್ದದ್ದು ಎರಡಾಗಿರುತ್ತದೆ.

ನಾನು ಕಲಿತದ್ದು ಇಷ್ಟೇ. ಕಾರ್ಬೊರೇಟರ್‌ಗೆ ಕೊನೆಯಲ್ಲಿ ಕೈ ಹಾಕಬೇಕು. ನಿನ್ನೆವರೆಗೆ ಚೆನ್ನಾಗಿ ಓಡಿದ ಗಾಡಿಯ ಸ್ಕ್ರೂ ರಾತ್ರೋರಾತ್ರಿ ತಾನಾಗಿ ತಿರುಗಿಕೊಳ್ಳುವುದಿಲ್ಲ, ಅಲ್ವಾ? ಕಸ ಸೇರಿರಬಹುದು, ಕಿಡಿ ಹಾರಿಸುವ ಪ್ಲಗ್ ಹೋಗಿರಬಹುದು, ಎಲ್ಲೋ ಗಾಳಿ ಎಳೆಯುತ್ತಿರಬಹುದು. ಅದನ್ನು ಮೊದಲು ಕಂಡುಹಿಡಿಯಬೇಕು.

ಇಲ್ಲಿ ಹೇಳುವುದು ಎಕ್ಸ್‌ಎಲ್ ಸೂಪರ್, ಹಳೆಯ ಟಿವಿಎಸ್ 50, ಆರ್‌ಎಕ್ಸ್ 100, ಹಳೆಯ ಯೆಜ್ಡಿ ತರಹದ ಗಾಡಿಗಳಿಗೆ ಹೊಂದುತ್ತದೆ. ಮಾವಿನ ತೋಟದಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಪವರ್ ಸ್ಪ್ರೇಯರ್‌ಗೂ ಬಹಳಷ್ಟು ಹೊಂದುತ್ತದೆ. ಎಕ್ಸ್‌ಎಲ್ 100 ಮಾತ್ರ ಬೇರೆ. ಅದು ಫೋರ್ ಸ್ಟ್ರೋಕ್ ಎಂಜಿನ್, ಅದರ ಪೆಟ್ರೋಲ್‌ಗೆ ಆಯಿಲ್ ಬೆರೆಸಬಾರದು.

ಎಂಜಿನ್ ಕೆಲಸ ಮಾಡುವ ರೀತಿ

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್, ಆಯಿಲ್, ಗಾಳಿ ಮೂರೂ ಸೇರಿದ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿ ಒತ್ತಡವಾಗಿ, ಪಕ್ಕದ ದಾರಿಗಳಿಂದ ಮೇಲೆ ಹೋಗುತ್ತದೆ. ಹಾಗಾಗಿ ಕ್ರ್ಯಾಂಕ್‌ಕೇಸ್‌ನಲ್ಲಿ ಸೂಜಿಯಷ್ಟು ಗಾಳಿ ಸೋರಿದರೂ ಮಿಶ್ರಣದ ಲೆಕ್ಕ ತಪ್ಪುತ್ತದೆ. ಎಂಜಿನ್ ಒಂದು ಸುತ್ತು ತಿರುಗಿದರೆ ಒಂದು ಕಿಡಿ ಬರಬೇಕು. ಪಿಸ್ಟನ್‌ಗೆ, ಬೇರಿಂಗ್‌ಗೆ ಪೆಟ್ರೋಲ್ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ.

ಆಯಿಲ್ ವಿಷಯ ಇಲ್ಲೇ ಮುಗಿಸುತ್ತೇನೆ. ಲೀಟರ್‌ಗೆ 20 ಎಂಎಲ್ ಅಂದರೆ 50ಕ್ಕೆ 1, 40 ಎಂಎಲ್ ಅಂದರೆ 25ಕ್ಕೆ 1. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿ. ಹೊಗೆ ಕಡಿಮೆಯಾಗಲಿ ಅಂತ ಆಯಿಲ್ ಕಡಿಮೆ ಮಾಡಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಯಿಲ್ ಅನ್ನು ನೇರವಾಗಿ ಟ್ಯಾಂಕ್‌ಗೆ ಸುರಿದು ಹೊರಟರೆ ಅದು ತಳದಲ್ಲಿ ಕೂತು, ಮೊದಲು ಅದೇ ಕಾರ್ಬೊರೇಟರ್‌ಗೆ ಇಳಿದು ಪ್ಲಗ್ ಕೆಡಿಸುತ್ತದೆ. ಒಂದು ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಹಾಕಿ. ಆರ್‌ಎಕ್ಸ್ 100ಗೆ ಬೇರೆ ಆಯಿಲ್ ಟ್ಯಾಂಕ್ ಮತ್ತು ಪಂಪ್ ಇದೆ. ಅಲ್ಲಿ ಆಯಿಲ್ ಮಟ್ಟ ನೋಡಿಕೊಂಡರೆ ಸಾಕು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಪ್ಲಗ್ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್, ಒಂದು ಚಿಕ್ಕ ಸ್ಪ್ಯಾನರ್ ಸೆಟ್, ಹಳೆಯ ಹಲ್ಲುಜ್ಜುವ ಬ್ರಷ್, ಬಟ್ಟೆ, ಒಂದು ಹೊಸ ಪ್ಲಗ್. ಒಂದು ಹಳೆಯ ಪ್ಲಗ್ ಕೂಡ ಇಟ್ಟುಕೊಳ್ಳಿ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಕೆಲಸ ಬಯಲಿನಲ್ಲಿ, ನೆರಳಿನಲ್ಲಿ ಮಾಡಿ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಪೆಟ್ರೋಲ್ ಆವಿ ನೆಲದ ಮೇಲೇ ಹರಿದು ಬೆಂಕಿ ಇರುವಲ್ಲಿಗೆ ಹೋಗುತ್ತದೆ.

ಹಂತ 1: ಹತ್ತು ಕಿಕ್ ಹೊಡೆದು ಪ್ಲಗ್ ನೋಡಿ

ಪೆಟ್ರೋಲ್ ಟ್ಯಾಪ್ ತೆರೆದು ಎರಡು ನಿಮಿಷ ಬಿಡಿ. ಚೋಕ್ ಹಾಕಿ ಎಂಟು ಹತ್ತು ಕಿಕ್ ಹೊಡೆಯಿರಿ. ಸ್ಟಾರ್ಟ್ ಆಗದಿದ್ದರೆ ತಕ್ಷಣ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆಯಿರಿ. ನಮ್ಮ ಕಡೆಯ ಕೆಂಪು ಮಣ್ಣು ಸಿಲಿಂಡರ್ ಒಳಗೆ ಬಿದ್ದರೆ ಬೋರ್ (ಅದರ ಒಳಗೋಡೆ) ಗೀರುತ್ತದೆ.

ಪ್ಲಗ್ ಒಣಗಿದೆಯೇ? ಹಾಗಾದರೆ ಪೆಟ್ರೋಲ್ ಬರುತ್ತಿಲ್ಲ. ಹಂತ 3ಕ್ಕೆ ಹೋಗಿ. ಪ್ಲಗ್ ಒದ್ದೆಯಾಗಿದೆಯೇ? ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಮೊದಲು ಕರೆಂಟ್ ನೋಡಬೇಕು. ಇದೊಂದು ನೋಟ ನಿಮ್ಮ ಅರ್ಧ ಕೆಲಸ ಉಳಿಸುತ್ತದೆ.

ಪ್ಲಗ್ ಬಣ್ಣವೂ ಮಾತಾಡುತ್ತದೆ. ಸ್ವಲ್ಪ ದೂರ ಓಡಿಸಿದ ಗಾಡಿಯ ಪ್ಲಗ್ ತುದಿ ಕಾಫಿ ಪುಡಿಯಂಥ ಕಂದು ಬಣ್ಣಕ್ಕಿದ್ದರೆ ಸರಿ. ಮಸಿ ಹಿಡಿದು ಒದ್ದೆ ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಆಯಿಲ್ ಜಾಸ್ತಿ, ಇಲ್ಲವೇ ಕಿಡಿ ಸಣ್ಣದು. ಬೂದಿಯ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬಿಳಿ ಪ್ಲಗ್ ಕಂಡರೆ ಗಾಡಿ ಓಡಿಸುವುದನ್ನು ಅಲ್ಲೇ ನಿಲ್ಲಿಸಿ. ಕಪ್ಪು ಪ್ಲಗ್ ಕೆಟ್ಟರೆ ಪ್ಲಗ್ ಖರ್ಚು ಮಾತ್ರ. ಬಿಳಿ ಪ್ಲಗ್ ಜೊತೆ ಓಡಿಸಿದರೆ ಪಿಸ್ಟನ್ ಕರಗುತ್ತದೆ.

ಹಂತ 2: ಕರೆಂಟ್ ಪರೀಕ್ಷೆ

ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ನ ಬರಿಯ ಲೋಹಕ್ಕೆ ತಾಗುವ ಹಾಗೆ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ. ಸಾಧ್ಯವಾದರೆ ಆ ತೂತಿಗೆ ಹಳೆಯ ಪ್ಲಗ್ ಒಂದನ್ನು ಹಾಕಿಬಿಡಿ. ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಪ್ಲಗ್ ಲೋಹಕ್ಕೆ ತಾಗಿಸದೆ ಸುಮ್ನೆ ನೇತಾಡಿಸಿ ಕಿಕ್ ಹೊಡೆಯಬೇಡಿ. ಸಿಡಿಐ (ಕಿಡಿ ಬರುವ ಹೊತ್ತು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿ) ಇರುವ ಗಾಡಿಯಲ್ಲಿ ಕರೆಂಟ್‌ಗೆ ಹೋಗಲು ದಾರಿ ಇಲ್ಲದಿದ್ದರೆ, ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲ್, ಸಿಡಿಐ ಹಾಳಾಗಬಹುದು. ಕೈಯಲ್ಲೂ ಹಿಡಿಯಬೇಡಿ, ಜೋರಾಗಿ ಹೊಡೆಯುತ್ತದೆ.

ನೀಲಿ ಬಣ್ಣದ, ದಪ್ಪನೆಯ, ಚಟ್ ಚಟ್ ಅನ್ನುವ ಕಿಡಿ ಬಂದರೆ ಒಳ್ಳೆಯದು. ತೆಳ್ಳಗೆ ಕೆಂಪು, ಹಳದಿ ಕಿಡಿ ಬಂದರೆ ನಂಬಬೇಡಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರ್ ಒಳಗೆ ಒತ್ತಡ ಇದ್ದಾಗ ಅದೇ ಸಂದಿ ದಾಟಲು ಬಹಳ ಹೆಚ್ಚು ಶಕ್ತಿ ಬೇಕು. ಹೊರಗೆ ಕಿಡಿ ಕಾಣುತ್ತದೆ, ಒಳಗೆ ಬರುವುದಿಲ್ಲ. ಆಗ ಜನ "ಕರೆಂಟ್ ಇದೆ, ಕಾರ್ಬೊರೇಟರ್ ಹೋಗಿದೆ" ಅಂತ ತೀರ್ಮಾನ ಮಾಡುತ್ತಾರೆ.

ಹಳೆಯ ಪ್ಲಗ್ ಬೇಕಾಗುವುದು ಇದಕ್ಕೇ. ಅದರ ಬಾಗಿದ ಕಾಲನ್ನು ಕತ್ತರಿಸಿಬಿಡಿ. ಈಗ ಕಿಡಿ ನಡುವಿನ ಕಡ್ಡಿಯಿಂದ ಪಕ್ಕದ ಅಂಚಿಗೆ ದೊಡ್ಡ ಸಂದಿ ದಾಟಿ ಹಾರಬೇಕು. ಇದರಲ್ಲೂ ನೀಲಿ ಕಿಡಿ ಹಾರಿದರೆ ಕಾಯಿಲ್ ಗಟ್ಟಿಯಾಗಿದೆ. ಇದರಲ್ಲಿ ಹಾರದೆ ಸಾಮಾನ್ಯ ಪ್ಲಗ್‌ನಲ್ಲಿ ಮಾತ್ರ ಹಾರಿದರೆ ಕಾಯಿಲ್ ಅಥವಾ ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಸೊರಗಿದೆ.

ಕಿಡಿ ಇಲ್ಲ, ಅಥವಾ ಸಣ್ಣದು ಅಂದರೆ ಸುಲಭದ್ದರಿಂದ ಶುರು ಮಾಡಿ. ಮೊದಲು ಹೊಸ ಪ್ಲಗ್ ಹಾಕಿ ನೋಡಿ. ನಂಬರ್ ಪುಸ್ತಕದಲ್ಲಿ ಹೇಳಿದ್ದೇ ಇರಲಿ. ಸಂದಿ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಆಮೇಲೆ ಪ್ಲಗ್ ಕ್ಯಾಪ್. ಅದನ್ನು ವೈರಿನಿಂದ ಸ್ಕ್ರೂ ಹಾಗೆ ತಿರುಗಿಸಿ ತೆಗೆಯಿರಿ, ವೈರ್ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಮಾಡಿ ಮತ್ತೆ ತಿರುಗಿಸಿ ಹಾಕಿ. ಮಳೆಯಲ್ಲಿ ಮಾತ್ರ ಕೈಕೊಡುವ ಗಾಡಿಯಾದರೆ ತಪ್ಪು ಬಹಳ ಸಲ ಈ ಕ್ಯಾಪ್‌ನಲ್ಲೇ ಇರುತ್ತದೆ. ರಾತ್ರಿ ಕತ್ತಲಲ್ಲಿ ಸ್ಟಾರ್ಟ್ ಮಾಡಿ ನೋಡಿ. ವೈರ್ ಸೀಳಿದ್ದರೆ ಕಿಡಿ ಹೊರಗೇ ಹಾರುವುದು ಕಣ್ಣಿಗೆ ಕಾಣಿಸುತ್ತದೆ.

ಮೂರನೆಯದು ಕೀ ಸ್ವಿಚ್. ಮ್ಯಾಗ್ನೆಟ್‌ನಿಂದ ಕರೆಂಟ್ ಹುಟ್ಟುವ ಗಾಡಿಗಳಲ್ಲಿ ಕೀ ಆಫ್ ಮಾಡಿದಾಗ ಒಂದು ವೈರ್ ಅರ್ಥ್ ಆಗಿ ಕಿಡಿ ನಿಲ್ಲುತ್ತದೆ. ಆ ವೈರ್ ಎಲ್ಲೋ ಸವೆದು ಚಾಸಿಗೆ ತಾಗಿದರೆ ಕೀ ಆನ್ ಇದ್ದರೂ ಕಿಡಿ ಬರುವುದಿಲ್ಲ. ಹಾಗಾಗಿ ಸ್ವಿಚ್‌ಗೆ ಹೋಗುವ ಆ ವೈರನ್ನು ಬಿಚ್ಚಿ ಕಿಕ್ ಹೊಡೆಯಿರಿ. ಕಿಡಿ ಬಂತೇ? ಕಾಯಿಲ್‌ಗೆ ದುಡ್ಡು ಹಾಕಬೇಡಿ, ವೈರ್ ಸರಿ ಮಾಡಿ. ಹ್ಯಾಂಡಲ್ ತಿರುಗಿಸಿದಾಗ ಗಾಡಿ ನಿಲ್ಲುತ್ತದೆ ಅಂದರೂ ಮೊದಲು ಇದನ್ನೇ ನೋಡಿ.

ಹಳೆಯ ಟಿವಿಎಸ್ 50, ಯೆಜ್ಡಿಯಂಥ ಗಾಡಿಗಳಲ್ಲಿ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಬರಿಸುವ ಚಿಕ್ಕ ಸ್ವಿಚ್) ಇರುತ್ತದೆ. ಅದರ ಮುಖ ಸುಟ್ಟು ಗುಳಿ ಬಿದ್ದಿದ್ದರೆ ನಯವಾದ ಎಮೆರಿ ಪೇಪರ್‌ನಿಂದ ಉಜ್ಜಿ, ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಪೂರ್ತಿ ತೆರೆದಾಗ ಸಂದಿ 0.3ರಿಂದ 0.4 ಮಿಲಿಮೀಟರ್ ಇರಬೇಕು. ಪಾಯಿಂಟ್‌ನಲ್ಲಿ ಕಿಡಿ ಜೋರಾಗಿ ಹಾರಿ ಪ್ಲಗ್‌ನಲ್ಲಿ ಸಣ್ಣದಾದರೆ, ಪಾಯಿಂಟ್‌ನ ಕಿಡಿ ತಡೆಯುವ ಕಂಡೆನ್ಸರ್ ಬದಲಿಸಿ.

ಇನ್ನೊಂದು ತೊಂದರೆ ಅಪರೂಪಕ್ಕೆ ಬರುತ್ತದೆ. ಕಿಡಿ ಚೆನ್ನಾಗಿದೆ, ಪೆಟ್ರೋಲ್ ಇದೆ, ಆದರೆ ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುತ್ತದೆ ಅಥವಾ ಸೈಲೆನ್ಸರ್‌ನಲ್ಲಿ ಢಂ ಅನ್ನುತ್ತದೆ. ಮ್ಯಾಗ್ನೆಟ್ ಚಕ್ರವನ್ನು ಕ್ರ್ಯಾಂಕ್‌ಗೆ ಹಿಡಿಯುವ ಚಿಕ್ಕ ಲೋಹದ ತುಂಡು (ಇದಕ್ಕೂ ಕೀ ಅಂತಲೇ ಹೆಸರು) ಮುರಿದು ಚಕ್ರ ಸ್ವಲ್ಪ ಜರುಗಿರಬಹುದು. ಆಗ ಕಿಡಿ ತಪ್ಪಾದ ಹೊತ್ತಿಗೆ ಬರುತ್ತದೆ. ಚಕ್ರ ತೆಗೆಯಲು ಪುಲ್ಲರ್ (ಎಳೆದು ತೆಗೆಯುವ ಸಾಧನ) ಬೇಕೇ ಬೇಕು. ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಡಿ.

ದಾರಿಯಲ್ಲಿ ನಿಂತು, ಆರಿದ ಮೇಲೆ ಓಡುವ ಗಾಡಿ

ಎಲ್ಲರನ್ನೂ ಅಲೆದಾಡಿಸುವ ತೊಂದರೆ ಇದೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಗಾಡಿ ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಮೆಕ್ಯಾನಿಕ್ ಹತ್ತಿರ ಹೋದಾಗ ಏನೂ ಇಲ್ಲದ ಹಾಗೆ ನಿಂತಿರುತ್ತದೆ.

ಒಂದು ಸಲ ಟೊಮೆಟೊ ಕ್ರೇಟ್ ಹೇರಿಕೊಂಡು ಚಿಂತಾಮಣಿ ಕಡೆ ಹೋಗುವಾಗ ನಮ್ಮ ಎಕ್ಸ್‌ಎಲ್ ಹೀಗೆ ಮೂರು ಕಡೆ ನಿಂತಿತು. ಅದಕ್ಕೂ ಮೊದಲು ಒಂದು ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬೊರೇಟರ್ ಬಿಚ್ಚಿಸಿ, ಹೊಸ ಕಾಯಿಲ್ ಕೂಡ ಹಾಕಿಸಿದ್ದೆ. ಬಿಸಿಲಲ್ಲಿ ನಿಂತು ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕ್ ಮುಚ್ಚಳ ತೆಗೆದೆ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು. ಮುಚ್ಚಳದ ಚಿಕ್ಕ ಗಾಳಿ ತೂತು ಮಣ್ಣು, ಆಯಿಲ್ ಸೇರಿ ಮುಚ್ಚಿಹೋಗಿತ್ತು. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕ್ ಒಳಗೆ ಗಾಳಿ ಬರಬೇಕು. ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ನಿಲ್ಲಿಸಿ ಬಿಟ್ಟಾಗ ನಿಧಾನಕ್ಕೆ ಗಾಳಿ ನುಸುಳಿ ಮತ್ತೆ ಇಳಿಯುತ್ತದೆ. ಒಂದು ಸೂಜಿಯಲ್ಲಿ ಆಗುವ ಕೆಲಸಕ್ಕೆ ನಾನು ಅಷ್ಟು ದಿನ, ಅಷ್ಟು ದುಡ್ಡು ಕಳೆದಿದ್ದೆ.

ಹಾಗಾಗಿ ಗಾಡಿ ನಿಂತ ಕ್ಷಣದಲ್ಲೇ, ಆರುವ ಮೊದಲೇ, ಮೂರು ಕೆಲಸ ಇದೇ ಕ್ರಮದಲ್ಲಿ ಮಾಡಿ. ಮೊದಲು ಟ್ಯಾಂಕ್ ಮುಚ್ಚಳ ತೆರೆದು ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ತಪ್ಪು ಮುಚ್ಚಳದ್ದು. ಆಗದಿದ್ದರೆ ಕಾರ್ಬೊರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ. ಪೆಟ್ರೋಲ್ ಧಾರಾಳವಾಗಿ ಬಂದರೆ ಪೂರೈಕೆ ಸರಿ ಇದೆ. ಎಂಜಿನ್ ಬಿಸಿ ಇರುವುದರಿಂದ ಪೆಟ್ರೋಲ್ ಅದರ ಮೇಲೆ ಬೀಳದ ಹಾಗೆ ಚಿಕ್ಕ ಬಾಟಲಿ ಹಿಡಿಯಿರಿ. ಸ್ಕ್ರೂ ಬಿಗಿದು, ಬಾಟಲಿ ದೂರ ಇಟ್ಟು, ಚೆಲ್ಲಿದ್ದನ್ನು ಒರೆಸಿ. ಕೊನೆಗೆ ಪ್ಲಗ್ ಬಿಚ್ಚಿ ಕಿಡಿ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲದೆ, ಆರಿದ ಮೇಲೆ ಬಂದರೆ ಕಾಯಿಲ್, ಮ್ಯಾಗ್ನೆಟ್ ಒಳಗಿನ ಸುರುಳಿ ಅಥವಾ ಸಿಡಿಐ ಬಿಸಿಗೆ ಸೋಲುತ್ತಿದೆ. ಇದನ್ನು ಆರಿದ ಗಾಡಿಯಲ್ಲಿ ಯಾರೂ ಹಿಡಿಯಲಾರರು. ಒಂದೊಂದೇ ಬದಲಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ.

ಹಂತ 3: ಪೆಟ್ರೋಲ್ ದಾರಿ

ಟ್ಯಾಂಕ್‌ನಿಂದ ಕೆಳಗೆ ಬನ್ನಿ. ಮುಚ್ಚಳದ ಗಾಳಿ ತೂತಿನ ವಿಷಯ ಮೇಲೆ ಹೇಳಿಯಾಯಿತು. ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಧಾರೆ ನಿಲ್ಲದೆ ಬರಬೇಕು. ಹನಿ ಹನಿಯಾಗಿ ಬಂದರೆ ಟ್ಯಾಪ್‌ನ ಜಾಲರಿ ಕಟ್ಟಿದೆ. ಮಧ್ಯೆ ಫಿಲ್ಟರ್ ಹಾಕಿದ್ದರೆ ಅದನ್ನೂ ನೋಡಿ.

ಬಾಟಲಿಯನ್ನು ಐದು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ, ಗುಂಡು ಗುಂಡು ಹನಿ ಕಂಡರೆ ಅದು ನೀರು. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ಆ ಪದರದಲ್ಲಿ ಆಯಿಲ್ ನಿಲ್ಲುವುದಿಲ್ಲ. ಎಂಜಿನ್‌ಗೆ ಮೊದಲು ಹೋಗುವುದು ಅದೇ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ.

ಹಂತ 4: ಕಾರ್ಬೊರೇಟರ್ ಬಿಚ್ಚುವುದು

ಕಿಡಿ ಗಟ್ಟಿ, ಪೆಟ್ರೋಲ್ ಧಾರೆ ಸರಿ. ಈಗ ಕಾರ್ಬೊರೇಟರ್ ಬಿಚ್ಚಬಹುದು. ಬಿಚ್ಚುವ ಮೊದಲು ಏರ್ ಸ್ಕ್ರೂ ಪೂರ್ತಿ ಒಳಗೆ ಮುಟ್ಟಲು ಎಷ್ಟು ಸುತ್ತು ಬೇಕು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಕೆಳಗೆ ಬಿಳಿ ಬಟ್ಟೆ ಹಾಸಿ.

ತಳದ ಬಟ್ಟಲು ತೆಗೆದರೆ ಫ್ಲೋಟ್ (ಪೆಟ್ರೋಲ್ ಮೇಲೆ ತೇಲಿ ಮಟ್ಟ ಕಾಯುವ ಭಾಗ) ಕಾಣುತ್ತದೆ. ಅದನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಫ್ಲೋಟ್ ತೂತಾಗಿದೆ, ಮುಳುಗುತ್ತದೆ, ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ. ಫ್ಲೋಟ್ ಕೆಳಗಿನ ಸೂಜಿಯ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಅದನ್ನೂ ಬದಲಿಸಿ. ನಿಲ್ಲಿಸಿದಾಗ ಪೆಟ್ರೋಲ್ ತೊಟ್ಟಿಕ್ಕುವುದಕ್ಕೆ ಈ ಎರಡೇ ಮುಖ್ಯ ಕಾರಣ.

ಎರಡು ಜೆಟ್ ಇರುತ್ತವೆ. ದೊಡ್ಡದು ಮೇನ್ ಜೆಟ್, ಚಿಕ್ಕದು ಪೈಲಟ್ ಜೆಟ್. ಪೈಲಟ್ ಜೆಟ್ ತೂತು ಕೂದಲಿನಷ್ಟು. ಆಕಾಶದ ಕಡೆ ಹಿಡಿದು ನೋಡಿ, ಬೆಳಕು ದುಂಡಗೆ ಕಾಣಬೇಕು. ಉಕ್ಕಿನ ತಂತಿ, ಸೂಜಿ ಹಾಕಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಜೆಟ್ ಬಿಸಾಡಬೇಕಾಗುತ್ತದೆ. ಪೆಟ್ರೋಲ್‌ನಲ್ಲಿ ನೆನೆಹಾಕಿ, ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಹಟ ಮಾಡಿದರೆ ಕರೆಂಟ್ ವೈರ್ ಒಳಗಿನ ಒಂದೇ ಎಳೆ ತಾಮ್ರ ಬಳಸಿ. ಜೆಟ್ ಕೂರುವ ಜಾಗ, ಏರ್ ಸ್ಕ್ರೂ ದಾರಿ, ಎಲ್ಲಕ್ಕೂ ಗಾಳಿ ಹೊಡೆಯಿರಿ. ಜೆಟ್ ಮಾತ್ರ ತೊಳೆದು ದಾರಿ ಬಿಟ್ಟರೆ ಮಾಡಿದ ಕೆಲಸ ಮಾಡದ ಹಾಗೆಯೇ.

ಆಕ್ಸಿಲರೇಟರ್ ತಿರುಗಿಸಿದಾಗ ಏರಿಳಿಯುವ ಮೇಲಿನ ಸ್ಲೈಡ್ ವಾಪಸ್ ಹಾಕುವಾಗ ಅದರ ಕೊರೆದ ಭಾಗ ಏರ್ ಫಿಲ್ಟರ್ ಕಡೆಗಿರಲಿ. ಸ್ಲೈಡ್‌ನಲ್ಲಿರುವ ಉದ್ದ ಸೂಜಿಯ ಕ್ಲಿಪ್ ಯಾವ ಗೆರೆಯಲ್ಲಿದೆ ನೋಡಿಕೊಳ್ಳಿ. ಕ್ಲಿಪ್ ಕೆಳಗಿನ ಗೆರೆಗೆ ಹೋದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ. ಮೇಲಿನ ಗೆರೆಗೆ ಹೋದರೆ ಕಡಿಮೆ.

ಹಂತ 5: ಟ್ಯೂನಿಂಗ್

ಎಂಜಿನ್ ಬಿಸಿಯಾಗುವ ತನಕ ಐದು ನಿಮಿಷ ಓಡಿಸಿ. ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಸ್ಕ್ರೂ ಸ್ವಲ್ಪ ಏರಿಸಿ. ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಮುಟ್ಟಿಸಿ, ಬಿಗಿಯಬೇಡಿ, ಆಮೇಲೆ ಒಂದೂವರೆ ಸುತ್ತು ಹೊರಗೆ. ಅಲ್ಲಿಂದ ಕಾಲು ಕಾಲು ಸುತ್ತು ಅತ್ತ ಇತ್ತ ತಿರುಗಿಸಿ, ಎಂಜಿನ್ ಸದ್ದು ಅತಿ ಹೆಚ್ಚು ಏರುವ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಐಡ್ಲಿಂಗ್ ಇಳಿಸಿ. ಫಿಲ್ಟರ್ ಕಡೆ ಇರುವ ಸ್ಕ್ರೂ ಗಾಳಿಯದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಎಂಜಿನ್ ಕಡೆ ಇದ್ದರೆ ಲೆಕ್ಕ ಉಲ್ಟಾ. ಎಷ್ಟು ತಿರುಗಿಸಿದರೂ ಸದ್ದು ಬದಲಾಗದಿದ್ದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ ಅಂತ ಅರ್ಥ.

ಓಡಿಸುವಾಗ ಎಲ್ಲಿ ಮುಗ್ಗರಿಸುತ್ತದೆ ಅಂತ ತಿಳಿಯಲು ಆಕ್ಸಿಲರೇಟರ್ ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ, ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ. ಆರಂಭದಲ್ಲಿ ತೊಂದರೆ ಇದ್ದರೆ ಪೈಲಟ್ ಜೆಟ್. ಕಾಲಿನಿಂದ ಮುಕ್ಕಾಲರವರೆಗೆ ಸೂಜಿ. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ರೇಸ್ ಕೊಟ್ಟಾಗ ಬೊಳ ಬೊಳ ಅಂತ ಒಂದು ಬಿಟ್ಟು ಒಂದು ಹೊಡೆದರೆ ಪೆಟ್ರೋಲ್ ಜಾಸ್ತಿ. ಗೂಡಿನಲ್ಲಿ ಕೂಗಿದ ಹಾಗೆ ಬರಿದಾದ ಸದ್ದು ಬಂದು ಎಳೆಯದಿದ್ದರೆ ಕಡಿಮೆ. ನಂದಿ ಬೆಟ್ಟ 1478 ಮೀಟರ್ ಎತ್ತರ. ಅಲ್ಲಿ ಗಾಳಿ ಸ್ವಲ್ಪ ತೆಳು, ಹಾಗಾಗಿ ಗಾಡಿ ತುಸು ಭಾರ ಅನ್ನಿಸುವುದು ಸಹಜ. ಅಲ್ಲಿ ಸ್ಕ್ರೂ ತಿರುಗಿಸಿ ಕೆಳಗೆ ಬಂದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ.

ಎಲ್ಲಾ ಸರಿ ಇದ್ದೂ ಸರಿಯಾಗದಿದ್ದರೆ

ಆಕ್ಸಿಲರೇಟರ್ ಬಿಟ್ಟರೂ ಸದ್ದು ಇಳಿಯದೆ ನಿಂತರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಜೋಡಣೆಗೆ ಗ್ರೀಸ್ ಅಥವಾ ಸೋಪು ನೀರು ಹಚ್ಚಿ. ಸದ್ದು ಬದಲಾದರೆ ಅಲ್ಲೇ ಸೋರುತ್ತಿದೆ. ಪೆಟ್ರೋಲ್ ಎರಚಿ ಪರೀಕ್ಷೆ ಮಾಡಬೇಡಿ. ಅಲ್ಲಿ ಇಲ್ಲದಿದ್ದರೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ನೋಡಿ. ಕ್ಲಚ್ ಕಡೆಯ ಸೀಲ್ ಹೋದರೆ ಗುರುತು ಬೇರೆ: ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ, ದಟ್ಟ ಬಿಳಿ ಹೊಗೆ ಬರುತ್ತದೆ.

ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ನಿಲ್ಲುತ್ತದೆ, ಲೋಡ್ ಹಾಕಿದರೆ ಎಳೆಯುವುದಿಲ್ಲ ಅಂದರೆ ಸೈಲೆನ್ಸರ್ ಮಸಿ ಕಟ್ಟಿರಬಹುದು. ಆರಿದ ಮೇಲೆ ಸೈಲೆನ್ಸರ್ ನಟ್ ಸಡಿಲಿಸಿ ಸಂದಿ ಬಿಡಿಸಿ, ಒಂದೇ ನಿಮಿಷ ಸ್ಟಾರ್ಟ್ ಮಾಡಿ ರೇಸ್ ಕೊಡಿ. ಎಂಜಿನ್ ಹಗುರಾದರೆ ಅಲ್ಲೇ ತಪ್ಪು. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತಿನ ಕೊಳವೆ) ತೆಗೆದು ಮಸಿ ಕೆರೆಯಿರಿ. ಕಾಸ್ಟಿಕ್ ಸೋಡಾ ಬಳಸುವವರು ಅಲ್ಯುಮಿನಿಯಂ ಭಾಗಗಳಿಗೆ ತಾಗಿಸಬೇಡಿ, ಅದು ತಿಂದುಹಾಕುತ್ತದೆ. ಏರ್ ಫಿಲ್ಟರ್ ಅಂತೂ ಬೇಸಿಗೆಯಲ್ಲಿ ಆಗಾಗ ತೆಗೆದು ನೋಡಲೇಬೇಕು. ನಮ್ಮ ಹೊಲದ ದಾರಿಯ ದೂಳಿಗೆ ಅದು ಬೇಗ ಕಟ್ಟುತ್ತದೆ.

ಸ್ಪ್ರೇಯರ್ ಇರುವವರಿಗೆ ಒಂದು ಮಾತು. ಮಾವಿಗೆ ಔಷಧಿ ಹೊಡೆಯುವ ಕಾಲ ಮುಗಿದ ಮೇಲೆ ಪೆಟ್ರೋಲ್ ಹಾಗೇ ಬಿಟ್ಟು ಅಟ್ಟದ ಮೇಲೆ ಇಡಬೇಡಿ. ಪೆಟ್ರೋಲ್ ಆವಿಯಾಗಿ ಅಂಟು ಮಾತ್ರ ಜೆಟ್‌ನಲ್ಲಿ ಉಳಿಯುತ್ತದೆ, ಡಯಾಫ್ರಾಂ (ತೆಳು ಪೊರೆ) ಇರುವ ಕಾರ್ಬೊರೇಟರ್ ಆದರೆ ಆ ಪೊರೆ ಬಿರುಸಾಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಪ್ಲಗ್ ಬಿಚ್ಚಿ ಒಂದು ಚಮಚ ಟೂ ಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ ಅದೇ ಆಯಿಲ್) ಹಾಕಿ, ಸ್ಟಾರ್ಟ್ ಮಾಡುವ ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಮತ್ತೆ ಹಾಕಿ ಇಡಿ. ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಇಳಿಸಿದಾಗ ಹೊಸ ಮಿಶ್ರಣ ಹಾಕಿ, ಟ್ಯಾಪ್ ತೆರೆದು ಎರಡು ನಿಮಿಷ ಬಿಟ್ಟು, ಆಮೇಲೆ ಹಗ್ಗ ಎಳೆಯಿರಿ.